ಹೃದಯ ಹಾಗೂ ರಕ್ತನಾಳಗಳ ದೈಹಿಕ ತಪಾಸಣೆ: ಸಾರ್ವಜನಿಕರಿಗೆ ಮಾಹಿತಿ

ಹೃದಯ ತಪಾಸಣೆಯೆಂದರೆ ಯಂತ್ರದ ಪರೀಕ್ಷೆ ಮಾತ್ರವೆಂಬ ಭಾವನೆ ಸಾರ್ವಜನಿಕರಲ್ಲಿದೆ. ಆದರೆ ಮೊದಲ ತಪಾಸಣೆ ವೈದ್ಯರ ಕಣ್ಣು, ಕೈ, ಕಿವಿಗಳಿಂದಲೇ ನಡೆಯುತ್ತದೆ. ಇದಕ್ಕಾಗಿ ಕಮಲಾಪುರದವರು ಕಲಬುರಗಿಗೆ ಬರಬೇಕಾಗಿಲ್ಲ. ಸ್ಥಳೀಯ ಸರ್ಕಾರಿ ಆಸ್ಪತ್ರೆಯಲ್ಲಿಯೇ ಮಾಡಿಸಿಕೊಳ್ಳಬಹುದು.

ವೈದ್ಯರು ನಾಡಿಯ ವೇಗ ಹಾಗೂ ಲಯ, ಕುತ್ತಿಗೆಯ ರಕ್ತನಾಳಗಳ ಉಬ್ಬು, ಪಾದಗಳ ಬಾವು ಮತ್ತು ಅಲ್ಲಿನ ನಾಡಿಯನ್ನು ಪರಿಶೀಲಿಸಿ, ಸ್ಟೆತಾಸ್ಕೋಪಿನಿಂದ ಹೃದಯದ ಸದ್ದನ್ನು ಆಲಿಸುವರು. ರಕ್ತದೊತ್ತಡವನ್ನು ಪ್ರಥಮ ಭೇಟಿಯಲ್ಲಿ ಎರಡೂ ತೋಳುಗಳಲ್ಲಿ ಅಳೆಯುವುದು ಸೂಕ್ತ. ಅದಕ್ಕೆ ಮುನ್ನ 30 ನಿಮಿಷ ಚಹಾ, ತಂಬಾಕು ಸೇವಿಸಬಾರದು (ಗುಟ್ಕಾ ಸಹ ತಂಬಾಕೇ). 5 ನಿಮಿಷ ಮಾತನಾಡದೆ ಕುಳಿತಿರಬೇಕು.

ದೋಷ ಕಂಡುಬಂದಲ್ಲಿ ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಗೆ ಕಳುಹಿಸಬಹುದು. ಎದೆನೋವು, ಬೆವರು, ಉಸಿರಾಟದ ತೊಂದರೆ ಒಮ್ಮೆಲೇ ಕಾಣಿಸಿಕೊಂಡವರು ಹೊರರೋಗಿ ಚೀಟಿಗಾಗಿ ಸರದಿಯಲ್ಲಿ ನಿಲ್ಲದೆ ತಕ್ಷಣ 108ಕ್ಕೆ ಕರೆ ಮಾಡುವುದು.