ಗೋಗಿಯ ಯುರೇನಿಯಂ ನಿಕ್ಷೇಪ: ಶೋಧನೆಯ ಚರಿತ್ರೆ

ಶಹಾಪುರ ತಾಲ್ಲೂಕಿನಲ್ಲಿ ಸುರಪುರದ ನಾಯಕರ ಕೋಟೆಯಿರುವ ವನದುರ್ಗವೂ ಆದಿಲ್‌ಶಾಹಿ ಅರಸರ ಸಮಾಧಿಗಳಿರುವ ಗೋಗಿಯೂ ಚರಿತ್ರಕಾರರಿಗೆ ಪರಿಚಿತವಾದ ಸ್ಥಳಗಳು. ಯೂಸುಫ್, ಇಸ್ಮಾಯಿಲ್, ಮೊದಲನೆಯ ಇಬ್ರಾಹೀಮ್ ಈ ಮೂವರು ಸುಲ್ತಾನರನ್ನೂ ವಿಜಾಪುರದಲ್ಲಿ ಹೂಳದೆ ಗೋಗಿಯ ದರ್ಗಾದ ಆವರಣದಲ್ಲಿಯೇ ಹೂಳಲಾಯಿತು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಇದೇ ಗೋಗಿಗೆ ಬೇರೊಂದು ಕಾರಣದಿಂದ ಪ್ರಸಿದ್ಧಿಯುಂಟಾಯಿತು. ಅಲ್ಲಿಯ ನೆಲದೊಳಗೆ ಯುರೇನಿಯಂ ಇದೆಯೆಂದು ಗೊತ್ತಾಯಿತು. ಬಹುಕಾಲದಿಂದ ಪರೀಕ್ಷೆಗೆ ಒಳಗಾಗಿದ್ದ ಪ್ರದೇಶದಲ್ಲಿ ಈ ಲೋಹವು ಅಷ್ಟು ತಡವಾಗಿ ಕಂಡುಬಂದುದೇಕೆ ಎಂಬುದು ವಿಚಾರಾರ್ಹವಾಗಿದೆ.

ಈ ಸೀಮೆಯ ತಳಹದಿ ಅತಿಪ್ರಾಚೀನವಾದ ಬೆಣಚುಗಲ್ಲು. ಅದರ ಮೇಲೆ ಮರಳುಗಲ್ಲು, ಜೇಡಿಗಲ್ಲು, ಸುಣ್ಣಕಲ್ಲುಗಳ ಸ್ತರಗಳು ಬಹುಮಟ್ಟಿಗೆ ಸಮತಲವಾಗಿ ಹರಡಿವೆ. ಇವಕ್ಕೆ ಭೀಮಾ ಶ್ರೇಣಿಯೆಂದು ಹೆಸರು. ಮನೆಗಳ ನೆಲಕ್ಕೆ ಹಾಸುವ ಶಹಾಬಾದಿನ ಕಲ್ಲು ಇದೇ ಶ್ರೇಣಿಗೆ ಸೇರಿದುದು. ಆದರೆ ಗೋಗಿಯ ಬಳಿ ಪೂರ್ವಪಶ್ಚಿಮವಾಗಿ ಸಾಗುವ ಸ್ತರಭಂಗವೊಂದರ ಉದ್ದಕ್ಕೂ ಸುಣ್ಣಕಲ್ಲು ಒಡೆದು ನುಗ್ಗಾಗಿದೆ. ಆ ಬಿರುಕುಗಳಲ್ಲಿ ಸಂಚರಿಸಿದ ದ್ರವಗಳು ಕರಗಿದ ಯುರೇನಿಯಂ ಅನ್ನು ಹೊತ್ತು ತಂದವು. ಗಂಧಕಯುಕ್ತ ಕಬ್ಬಿಣದ ಖನಿಜವೂ ಸೇಂದ್ರಿಯ ದ್ರವ್ಯವೂ ಇರುವೆಡೆಗಳಲ್ಲಿ ಅದು ಗಟ್ಟಿಗೊಂಡು ಪಿಚ್‌ಬ್ಲೆಂಡ್ ಮತ್ತು ಕಾಫಿನೈಟ್ ಎಂಬ ಖನಿಜಗಳಾಗಿ ನಿಂತಿತು. ಕೆಳಗಣ ಬೆಣಚುಗಲ್ಲಿನಲ್ಲಿಯೂ ಅದರ ಅಂಶ ಕಾಣಬರುತ್ತದೆ.

ರಾಬರ್ಟ್ ಬ್ರೂಸ್ ಫೂಟನು 1876ರಲ್ಲಿ ದಕ್ಷಿಣ ಮಹಾರಾಷ್ಟ್ರ ಸೀಮೆಯನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಈ ಸ್ತರಗಳನ್ನು ವಿವರಿಸಿದನು. ಯುರೇನಿಯಂ ವಿಕಿರಣ ಸೂಸುವುದೆಂಬ ಸಂಗತಿ ಬೆಕೆರೆಲನಿಗೆ ತಿಳಿದುದು 1896ರಲ್ಲಿ. ಆದುದರಿಂದ ಫೂಟನು ಅದನ್ನು ಅರಸದೆ ಇದ್ದುದು ಲೋಪವಲ್ಲ. ಮುಂದೆ ಸಿ. ವಿ. ರಾಮನ್ನರ ಶಿಷ್ಯರಾದ ಸಿ. ಮಹಾದೇವನ್ ಅವರು ಹೈದರಾಬಾದ್ ಸಂಸ್ಥಾನದ ಭೂಶೋಧನ ಇಲಾಖೆಯಲ್ಲಿದ್ದು ಗುಲಬರ್ಗಾ ಜಿಲ್ಲೆಯ ಭೂರಚನೆಯನ್ನು ಸವಿಸ್ತಾರವಾಗಿ ಪರಿಶೀಲಿಸಿದರು. ಅವರ ಬರಹ 1947ರಲ್ಲಿ ಹೊರಬಂದಿತು. ಖನಿಜಗಳಲ್ಲಿ ವಿಕಿರಣವು ಉಂಟುಮಾಡುವ ವರ್ಣವಲಯಗಳನ್ನು ಅಭ್ಯಾಸಮಾಡಿದ್ದ ವಿದ್ವಾಂಸರೇ ಈ ನೆಲದ ಮೇಲೆ ನಡೆದಾಡಿದ್ದರೆಂಬುದು ಗಮನಾರ್ಹ. ಆದರೆ ಭಂಗವಲಯದ ಅದಿರು ಬಹುಪಾಲು ಆಳದಲ್ಲಿ ಅಡಗಿದ್ದಿತು. ಬಾವಿನೀರಿನ ಪರೀಕ್ಷೆ, ವಿಕಿರಣಮಾಪಕಗಳ ಸಮೀಕ್ಷೆ, ಆಳವಾದ ಕೊರೆತ ಇವೆಲ್ಲವೂ ಒಟ್ಟುಗೂಡಿದ ಮೇಲೆಯೇ, 1990ರ ದಶಕದಲ್ಲಿ, ಪರಮಾಣು ಖನಿಜ ಸಂಸ್ಥೆಯವರಿಗೆ ಅದರ ಇರವು ದೃಢಪಟ್ಟಿತು.

ನಿಕ್ಷೇಪವು ಗಾತ್ರದಲ್ಲಿ ಕಿರಿದು. ಆದರೆ ಅದಿರಿನಲ್ಲಿ ಲೋಹಾಂಶವು ಭಾರತದ ಇತರ ಅನೇಕ ನಿಕ್ಷೇಪಗಳಿಗಿಂತ ಅಧಿಕ. ಮುಂದೆ ಯುರೇನಿಯಂ ನಿಗಮವು ಪರಿಶೋಧನೆಗಾಗಿ ಗಣಿ ತೋಡತೊಡಗಿದಾಗ ಗ್ರಾಮಸ್ಥರು ತಮ್ಮ ನೀರು, ಹೊಲ, ಆರೋಗ್ಯಗಳ ವಿಷಯವಾಗಿ ಆತಂಕವನ್ನು ಸೂಚಿಸಿದರು. ಈ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕುವುದು ಯುಕ್ತವಲ್ಲ. ಲೋಹವನ್ನು ತಂದು ಕೂಡಿಟ್ಟ ಬಿರುಕುಗಳಲ್ಲಿಯೇ ಈಗಲೂ ನೀರು ಸಂಚರಿಸಬಲ್ಲದು. ಶೋಧಕರಿಗೆ ಸುಳಿವಿತ್ತದ್ದೂ ಬಾವಿಗಳ ನೀರೇ. ಆದಕಾರಣ ಗೋಗಿಯಲ್ಲಿ ಅದಿರಿನ ಲೆಕ್ಕವನ್ನೂ ನೀರಿನ ಲೆಕ್ಕವನ್ನೂ ಬೇರ್ಪಡಿಸಿ ನೋಡುವುದಕ್ಕೆ ಭೂಶಾಸ್ತ್ರವೇ ಅವಕಾಶಕೊಡುವುದಿಲ್ಲ.