ಒಲೆಗೆ ಬಂದ ಕಪ್ಪು ದ್ರಾಕ್ಷಿ

ಚಿಕ್ಕಬಳ್ಳಾಪುರದ ಸುತ್ತ ಬೆಳೆಯುವ 'ಬೆಂಗಳೂರು ಬ್ಲೂ' ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಹೆಸರು ನಮ್ಮದಾದರೂ ವಂಶ ಉತ್ತರ ಅಮೆರಿಕದ್ದು, ಇಸಬೆಲ್ಲಾ ತಳಿಯ ಬಳಗ. ಸಿಪ್ಪೆ ದಪ್ಪ, ಮೇಲೆ ಬೀಜ ಬೇರೆ. ಮಕ್ಕಳು ಬೀಜವಿಲ್ಲದ ಹಸಿರು ದ್ರಾಕ್ಷಿಯತ್ತಲೇ ಕೈ ಚಾಚುತ್ತಾರೆ. ಶಿಡ್ಲಘಟ್ಟದ ಹತ್ತಿರ ತೋಟವಿರುವ ನನ್ನ ಚಿಕ್ಕಪ್ಪನೂ ಹಳೆಯ ಚಪ್ಪರ ಕಿತ್ತು ಅದನ್ನೇ ಹಾಕುವ ಮಾತಾಡುತ್ತಿದ್ದಾರೆ.

ಕಪ್ಪು ದ್ರಾಕ್ಷಿಯ ಅಮೆರಿಕದ ನೆಂಟ ಕಾನ್ಕರ್ಡ್. ಮಸಾಚುಸೆಟ್ಸ್‌ನ ಎಫ್ರೈಮ್ ಬುಲ್ 1849ರಲ್ಲಿ ಆರಿಸಿದ ತಳಿ. ನ್ಯೂಯಾರ್ಕ್ ರಾಜ್ಯದ ನೇಪಲ್ಸ್ ಎಂಬ ಊರು ಅದರ ಪೈಗೇ ಹೆಸರುವಾಸಿ. ಹಣ್ಣು ಹಿಸುಕಿದರೆ ತಿರುಳು ಜಾರಿ ಬರುತ್ತದೆ. ತಿರುಳನ್ನು ಕುದಿಸಿ, ಬೀಜ ಸೋಸಿ, ಸಿಪ್ಪೆಯನ್ನು ಮತ್ತೆ ಸೇರಿಸುತ್ತಾರೆ. ಬಣ್ಣವಿರುವುದು ಸಿಪ್ಪೆಯಲ್ಲೇ.

ನಮ್ಮ ಬೇಕರಿಗಳಲ್ಲಿ ಹಣ್ಣೆಂದರೆ ಟೂಟಿ ಫ್ರೂಟಿ: ಸಕ್ಕರೆ ಪಾಕದಲ್ಲಿ ಅದ್ದಿ ಬಣ್ಣ ಹಾಕಿದ ಪಪ್ಪಾಯಿ ಕಾಯಿ. ದಿಲ್‌ಪಸಂದ್‌ನೊಳಗೂ ತೆಂಗಿನತುರಿಯ ಜೊತೆ ಅದೇ. ದೂರುವಂತಿಲ್ಲ. ತಾಜಾ ಹಣ್ಣಿನ ತಿನಿಸು ಗಾಜಿನ ಕಪಾಟಿನಲ್ಲಿ ಹೆಚ್ಚು ದಿನ ನಿಲ್ಲದು. ಮನೆಯಲ್ಲಿ ಆ ಚಿಂತೆಯಿಲ್ಲ, ಸಂಜೆಗೇ ಖಾಲಿ.

ಹಾಗಾಗಿ ನೇಪಲ್ಸ್‌ನವರ ಉಪಾಯದಲ್ಲೇ ಟಾರ್ಟ್ ಮಾಡಿದೆ. ಮೈದಾಕ್ಕೆ ತಣ್ಣಗಿನ ಬೆಣ್ಣೆ ಉದುರುದುರಾಗಿ ಬೆರೆಸಬೇಕು, ಕಣಕದಂತೆ ನಾದಿದರೆ ಕೆಟ್ಟಿತು. ಹೂರಣಕ್ಕೆ ಅರ್ಧ ಕೆಜಿ ದ್ರಾಕ್ಷಿ, ಸಕ್ಕರೆ, ಒಂದಿಷ್ಟು ನಿಂಬೆರಸ. ಗೌರಿಬಿದನೂರಿನಿಂದ ಗೆಳತಿಯರು, ಚಿಂತಾಮಣಿಯಿಂದ ದೊಡ್ಡಮ್ಮ ಬಂದಿದ್ದರು. "ಹೂರಣ ಹೊರಗೇ ಉಳಿದ ಒಬ್ಬಟ್ಟು ಕಣೇ ಇದು" ಎಂದರು ದೊಡ್ಡಮ್ಮ. ಚಿಕ್ಕಪ್ಪ ಎರಡನೇ ತುಂಡು ತೆಗೆದುಕೊಂಡು, ಇಷ್ಟಕ್ಕೆ ಎಷ್ಟು ಹಣ್ಣು ಹಿಡಿಯಿತೆಂದು ಕೇಳಿದರು. ಅರ್ಧ ಕೆಜಿ ಎಂದೆ. ಅವರ ತೋಟದ ಲೆಕ್ಕವಿರುವುದು ಟನ್ನುಗಳಲ್ಲಿ.