ಹೂಡಿಕೆಯ ಹೊಸ್ತಿಲು: ವಿಜಯಪುರ ಸೀಮೆ ಮತ್ತು ಹಣಕಾಸು ಕಾನೂನಿನ ಹಾದಿ
ವಿಜಯಪುರ ಸೀಮೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳು 1956ರವರೆಗೆ ಮುಂಬೈ ಆಡಳಿತಕ್ಕೆ ಸೇರಿದ್ದುದರಿಂದ, ಇಲ್ಲಿನ ಹತ್ತಿ ಬೆಳೆಗಾರರಿಗೂ ವರ್ತಕರಿಗೂ ಅನ್ವಯಿಸುತ್ತಿದ್ದ ಹಣಕಾಸಿನ ಹಲವು ಕಟ್ಟಳೆಗಳು ಅಲ್ಲಿಯೇ ರೂಪುಗೊಂಡವು. ಇದರ ಜೊತೆಗೆ, ಮುಂದೊಂದು ದಿನದ ಬೆಲೆಯನ್ನು ಇಂದೇ ಗೊತ್ತುಪಡಿಸುವ ವಾಯಿದಾ ವ್ಯಾಪಾರವನ್ನು 1952ರ ಕೇಂದ್ರ ಕಾಯ್ದೆಯು ನಿಯಂತ್ರಣಕ್ಕೆ ಒಳಪಡಿಸಿ, ಬೆಲೆಯ ಏರಿಳಿತದ ಮೇಲೆ ಮುಂಗಡ ಹಣ ಕಟ್ಟುವ ತೇಜಿ-ಮಂದಿ ಕರಾರುಗಳನ್ನು ಸಂಪೂರ್ಣವಾಗಿ ನಿಷೇಧಿಸಿತು.

ಅಪಾಯದ ಕರಾರನ್ನೇ ತಡೆಯುವ ಈ ನೀತಿಯ ಜಾಗಕ್ಕೆ ಕಾಲಕ್ರಮೇಣ ಹೂಡಿಕೆದಾರನ ಶಕ್ತಿಯನ್ನು ಅಳೆಯುವ ನೀತಿ ಬಂದಿತು. ತೋಟದ ಹೆಸರಿನಲ್ಲಿ ಜನರ ಹಣ ಸಂಗ್ರಹಿಸಿದ ಯೋಜನೆಗಳ ಹಾವಳಿಯ ನಂತರ, ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 1999ರಲ್ಲಿ ಸಾಮೂಹಿಕ ಹೂಡಿಕೆ ಯೋಜನೆಗಳಿಗೆ ನಿಯಮ ರೂಪಿಸಿತು. ಕರ್ನಾಟಕವು 2004ರಲ್ಲಿ ಠೇವಣಿದಾರರ ಹಿತರಕ್ಷಣಾ ಕಾಯ್ದೆಯ ಮೂಲಕ ವಂಚಕ ಸಂಸ್ಥೆಗಳ ಆಸ್ತಿ ಜಪ್ತಿಗೆ ಅವಕಾಶ ಮಾಡಿತು. ಸಂಕೀರ್ಣ ತಂತ್ರಗಳನ್ನು ಬಳಸುವ ಪರ್ಯಾಯ ಹೂಡಿಕೆ ನಿಧಿಗಳಿಗೆ 2012ರಲ್ಲಿ ಸಾಮಾನ್ಯವಾಗಿ ಪ್ರತಿ ಹೂಡಿಕೆದಾರನಿಗೆ ಕನಿಷ್ಠ 1 ಕೋಟಿ ರೂಪಾಯಿಯ ಹೂಡಿಕೆಯ ಮಿತಿ ಗೊತ್ತಾಯಿತು. 2025ರಲ್ಲಿ ಜಾರಿಗೆ ಬಂದ ವಿಶೇಷ ಹೂಡಿಕೆ ನಿಧಿಗಳಲ್ಲಿ ಆ ಹೊಸ್ತಿಲು 10 ಲಕ್ಷ ರೂಪಾಯಿಯಾಗಿದೆ.

ಆದರೆ ಮೊತ್ತವು ತಿಳಿವಳಿಕೆಯ ಪ್ರಮಾಣಪತ್ರವಲ್ಲ. ಆಲಮಟ್ಟಿ ಜಲಾಶಯಕ್ಕೆ ಭೂಮಿ ಬಿಟ್ಟುಕೊಟ್ಟ ಬಸವನ ಬಾಗೇವಾಡಿ ಭಾಗದ ಕುಟುಂಬಗಳ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ: ಪರಿಹಾರವಾಗಿ ಒಮ್ಮೆಗೇ ಕೈಸೇರುವ ಹಣವು ಮಿತಿಯನ್ನು ದಾಟಬಹುದು, ಆದರೆ ಅದು ಆ ಮನೆಯ ಜೀವನಾಧಾರದ ಬದಲಿ ರೂಪವಾಗಿರುತ್ತದೆ. ಆದ್ದರಿಂದ ನಿಯಂತ್ರಣವು ಹಣದ ಮಿತಿಗೆ ನಿಲ್ಲದೆ, ಅಪಾಯವನ್ನು ಕನ್ನಡದಲ್ಲಿ ವಿವರಿಸುವ ಹೊಣೆಯನ್ನು ಮಾರಾಟಗಾರನ ಮೇಲೆ ಹೊರಿಸಬೇಕು.